ತೀರಿಕೊಂಡವರ ಹಣದ ಬಗ್ಗೆ ಗೊತ್ತಿರುವ ಕಚೇರಿಯೇ ಮೊದಲು ಮಾತಾಡಲಿ

ರಿಸರ್ವ್ ಬ್ಯಾಂಕಿನ ಗವರ್ನರ್, ವಿಮಾ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರು ಮತ್ತು ಕೇಂದ್ರ ಭವಿಷ್ಯ ನಿಧಿ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಆ ಸುದ್ದಿ ನೆಂಟರಿಷ್ಟರಿಗೆಲ್ಲ ಒಂದೇ ದಿನದಲ್ಲಿ ಮುಟ್ಟುತ್ತದೆ. ಕಚೇರಿಗಳಿಗೆ ಮುಟ್ಟಿಸಲು ತಿಂಗಳುಗಳು ಸಾಲುವುದಿಲ್ಲ. ಬ್ಯಾಂಕಿಗೆ ಬೇರೆ ಅರ್ಜಿ, ವಿಮೆಗೆ ಬೇರೆ, ಪಿಎಫ್‌ಗೆ ಬೇರೆ, ಗ್ಯಾಸ್ ಸಂಪರ್ಕಕ್ಕೆ ಬೇರೆ, ಆರ್‌ಟಿಒಗೆ ಇನ್ನೊಂದು. ಎಲ್ಲ ಕಡೆಯೂ ಅದೇ ಮರಣ ಪ್ರಮಾಣಪತ್ರ, ಅದೇ ಆಧಾರ್, ಅದೇ ಪ್ರಶ್ನೆ: "ನಿಮಗೂ ಅವರಿಗೂ ಏನು ಸಂಬಂಧ?"

ನಿಮ್ಮ ನಿಯಮಗಳು ಕೆಟ್ಟವು ಎಂದು ದೂರಲು ನಾನು ಬರೆಯುತ್ತಿಲ್ಲ. ಬಹಳಷ್ಟು ನಿಯಮಗಳು ಚೆನ್ನಾಗಿಯೇ ಇವೆ. ಆದರೆ ತೀರಿಕೊಂಡವರ ಮನೆಗೆ ಏನೇನು ಬರಬೇಕು ಎಂಬ ಲೆಕ್ಕ ನಿಮ್ಮ ಕಚೇರಿಗಳ ಕಂಪ್ಯೂಟರಿನಲ್ಲಿ ಇರುತ್ತದೆ. ಮನೆಯವರು ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ. ಏನು ಕೇಳಬೇಕು ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಇದನ್ನು ಸರಿಪಡಿಸಿ ಎಂದು ಕೇಳಲು ಬರೆಯುತ್ತಿದ್ದೇನೆ.

ನನ್ನ ಭಾವ ನಲವತ್ತು ದಾಟಿದ ಸ್ವಲ್ಪ ವರ್ಷಕ್ಕೇ ತೀರಿಕೊಂಡರು. ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಅಕ್ಕನ ಜೊತೆ ಬ್ಯಾಂಕಿಗೆ ಹೋದವಳು ನಾನು. ಉಳಿತಾಯ ಖಾತೆಯಲ್ಲಿದ್ದ ಹಣ ಅಕ್ಕನ ಹೆಸರಿಗೆ ಬಂತು, ಅರ್ಜಿಯ ಮೇಲೆ ಸೀಲು ಬಿತ್ತು, ಕೆಲಸ ಮುಗಿಯಿತು ಎಂದು ಕೌಂಟರಿನವರು ಪಾಸ್‌ಬುಕ್ ವಾಪಸ್ ಕೊಟ್ಟರು. ಅಕ್ಕ ಅದನ್ನು ಹಾಗೇ ಬೀರುವಿನಲ್ಲಿ ಇಟ್ಟುಬಿಟ್ಟಿದ್ದಳು. ಎಷ್ಟೋ ದಿನಗಳ ಮೇಲೆ ಯಾವುದೋ ಬೇರೆ ಕಾಗದ ಹುಡುಕುವಾಗ ನಾನು ಅದರ ಹಾಳೆಗಳನ್ನು ಸುಮ್ಮನೆ ಮಗುಚುತ್ತಾ ಹೋದೆ. ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಒಂದು ಸಾಲು ಇತ್ತು. ಮೊದಲು 330 ರೂಪಾಯಿ, ಆಮೇಲೆ 436 ರೂಪಾಯಿ. ಮುಂದೆ ಇಂಗ್ಲಿಷಿನ ಆರೇಳು ಅಕ್ಷರ, ಮಸಿ ತೆಳುವಾಗಿ ಅರ್ಧ ಮಾಸಿತ್ತು. ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ಕಂತು. ಖಾತೆದಾರ ತೀರಿಕೊಂಡರೆ ಮನೆಯವರಿಗೆ 2 ಲಕ್ಷ ರೂಪಾಯಿ ಬರುವ ವಿಮೆ.

ಭಾವ ಅದರ ಬಗ್ಗೆ ಅಕ್ಕನಿಗೆ ಯಾವತ್ತೂ ಹೇಳಿರಲಿಲ್ಲ. ಬಹುಶಃ ಅವರಿಗೂ ನೆನಪಿರಲಿಲ್ಲ. ವರ್ಷಕ್ಕೊಮ್ಮೆ ತಾನಾಗಿ ಕಡಿತವಾಗುವ ಹಣ ಅದು, ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೆ ಬ್ಯಾಂಕಿಗೆ ನೆನಪಿತ್ತು. ಕಂತನ್ನು ಕಡಿತ ಮಾಡಿದ್ದೇ ಬ್ಯಾಂಕು. ಅದೇ ಖಾತೆ ಮುಚ್ಚಲು ಮರಣ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಓದಿದ್ದೂ ಅದೇ ಬ್ಯಾಂಕು. "ಅಮ್ಮಾ, ಇವರ ಹೆಸರಲ್ಲಿ ವಿಮೆ ಇದೆ, ಈ ಫಾರಂ ಕೂಡ ತುಂಬಿ" ಎಂದು ಯಾರೂ ಹೇಳಲಿಲ್ಲ. ಅಕ್ಕನಿಗೆ ಆ ಹಣ ಕೊನೆಗೆ ಬಂತು. ಪಾಸ್‌ಬುಕ್ಕಿನ ಹಾಳೆ ಮಗುಚುವವರು ಇಲ್ಲದ ಮನೆಗಳ ಕಥೆ ಏನು?

ಇದೇ ಥರದ ಇನ್ನೊಂದು ವಿಮೆ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಸತ್ತರೆ ಅದರಿಂದಲೂ 2 ಲಕ್ಷ. ಬಸ್ಸಿನಡಿ, ಬೈಕಿನಿಂದ, ಕಟ್ಟಡದ ಮೇಲಿಂದ ಬಿದ್ದು ಸತ್ತವರ ಮನೆಯವರು ಪೊಲೀಸ್ ಠಾಣೆ, ಆಸ್ಪತ್ರೆ, ಮರಣೋತ್ತರ ಪರೀಕ್ಷೆಯ ವರದಿ ಎಂದು ಅಲೆಯುತ್ತಿರುವಾಗ ಪಾಸ್‌ಬುಕ್ಕಿನ 20 ರೂಪಾಯಿಯ ಸಾಲು ಅವರ ಕಣ್ಣಿಗೆ ಬೀಳುತ್ತದೆ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪಿಎಫ್ ಕಡೆ ಬನ್ನಿ. ಕೆಲಸದಲ್ಲಿರುವಾಗಲೇ ಸದಸ್ಯ ತೀರಿಕೊಂಡರೆ ಪಿಎಫ್ ಹಣದ ಜೊತೆಗೆ ಇಡಿಎಲ್‌ಐ ಎಂಬ ವಿಮೆ ಇದೆ, ಗರಿಷ್ಠ 7 ಲಕ್ಷ ರೂಪಾಯಿವರೆಗೆ. ಇದಕ್ಕೆ ಕೆಲಸಗಾರನ ಸಂಬಳದಿಂದ ಏನೂ ಕಡಿತವಾಗುವುದಿಲ್ಲ, ಕಂತನ್ನು ಮಾಲೀಕರೇ ಕಟ್ಟುತ್ತಾರೆ. ಹಾಗಾಗಿ ಸಂಬಳದ ಚೀಟಿಯಲ್ಲೂ ಇದರ ಹೆಸರು ಕಾಣುವುದಿಲ್ಲ. ಜೊತೆಗೆ ಹೆಂಡತಿಗೆ ಪಿಂಚಣಿ, 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಪಿಂಚಣಿ. ಪಿಂಚಣಿ ಎಂದರೆ ಹತ್ತು ವರ್ಷ ಸೇವೆ ಆಗಿರಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಸೇವೆಯಲ್ಲಿದ್ದಾಗ ಸತ್ತವರ ವಿಷಯದಲ್ಲಿ ಆ ಷರತ್ತು ಇಲ್ಲ, ಒಂದು ತಿಂಗಳ ವಂತಿಗೆ ಜಮಾ ಆಗಿದ್ದರೂ ಸಾಕು. ಇಷ್ಟು ಉದಾರವಾದ ನಿಯಮ ಮಾಡಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ವಿಧವೆಯೊಬ್ಬಳು ಪಿಎಫ್ ಹಣಕ್ಕೆ ಅರ್ಜಿ ಹಾಕಿದಾಗ, ಉಳಿದ ಎರಡರ ಬಗ್ಗೆ ಅವಳ ಭಾಷೆಯಲ್ಲಿ ಹೇಳುವ ಹೊಣೆ ಯಾರ ಮೇಲೂ ಇಲ್ಲ.

ಈಗ ಬ್ಯಾಂಕಿನ ನಿಯಮ. ನಾಮಿನಿ (ತನ್ನ ನಂತರ ಹಣ ಪಡೆಯಲಿ ಎಂದು ಖಾತೆದಾರ ಹೆಸರು ಬರೆಸಿದವರು) ಇದ್ದರೆ ವಾರಸಾ ಪ್ರಮಾಣಪತ್ರ ಕೇಳಬಾರದು, ಜಾಮೀನು ಕೇಳಬಾರದು, 15 ದಿನದಲ್ಲಿ ಹಣ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2005ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು. ಇಪ್ಪತ್ತು ವರ್ಷ ಆದಮೇಲೂ ಕೌಂಟರಿನಲ್ಲಿ "ಕೋರ್ಟಿನಿಂದ ಕಾಗದ ತನ್ನಿ" ಎಂಬ ಮಾತು ನಿಂತಿರಲಿಲ್ಲ. 2025ರ ಸೆಪ್ಟೆಂಬರ್ 26ರಂದು ನೀವು ಹೊಸ ನಿರ್ದೇಶನಗಳನ್ನು ಕೊಟ್ಟಿರಿ, 2026ರ ಮಾರ್ಚ್ 31ರೊಳಗೆ ಜಾರಿಗೆ ತನ್ನಿ ಎಂದು ಬ್ಯಾಂಕುಗಳಿಗೆ ಗಡುವನ್ನೂ ಹಾಕಿದಿರಿ. ನಾಮಿನಿ ಇದ್ದರೆ ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ, ಇಷ್ಟೇ ಸಾಕು. ನಾಮಿನಿ ಇಲ್ಲದಿದ್ದರೂ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಾದರೆ 5 ಲಕ್ಷದವರೆಗೆ, ಸರಳ ವಿಧಾನ. ಬ್ಯಾಂಕಿನ ತಪ್ಪಿನಿಂದ ತಡವಾದರೆ 'ಬ್ಯಾಂಕ್ ದರ'ದ (ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ದರ) ಮೇಲೆ ಶೇಕಡ 4ರಷ್ಟು ಸೇರಿಸಿ ಬಡ್ಡಿ, ಲಾಕರ್ ವಿಷಯದಲ್ಲಿ ದಿನಕ್ಕೆ 5,000 ರೂಪಾಯಿ ಪರಿಹಾರ. ಓದಿದಾಗ ಸಂತೋಷವಾಯಿತು.

ಆದರೆ ಆ 15 ದಿನಗಳ ಲೆಕ್ಕ ಯಾವಾಗ ಶುರುವಾಗುತ್ತದೆ? "ಬೇಕಾದ ಎಲ್ಲ ದಾಖಲೆಗಳು ಕೈಸೇರಿದ ಮೇಲೆ." ನನ್ನ ಆತಂಕವೆಲ್ಲ ಈ ಒಂದು ವಾಕ್ಯದಲ್ಲಿದೆ. ಮೊದಲ ಸಲ ಹೋದಾಗ ಒಂದು ಕಾಗದ ಕೇಳುತ್ತಾರೆ. ಅದನ್ನು ತಂದರೆ ಇನ್ನೊಂದು. ಅದನ್ನೂ ತಂದರೆ, ಇದನ್ನು ನೋಡುವ ಮ್ಯಾನೇಜರ್ ರಜೆ, ಸೋಮವಾರ ಬನ್ನಿ. ಎಲ್ಲವೂ ಬಾಯಿಮಾತು. ಬಾಯಿಮಾತಿಗೆ ತಾರೀಕು ಇರುವುದಿಲ್ಲ, ತಾರೀಕು ಇಲ್ಲದ ಮೇಲೆ ತಡವಾಯಿತು ಎಂದು ಸಾಬೀತು ಮಾಡುವುದು ಹೇಗೆ? ದಾಖಲೆ ಪೂರ್ತಿ ಆಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವವರೂ ತಡಕ್ಕೆ ದಂಡ ಕಟ್ಟಬೇಕಾದವರೂ ಒಬ್ಬರೇ ಆದರೆ ಆ ದಂಡ ಕಾಗದದ ಮೇಲೆಯೇ ಉಳಿಯುತ್ತದೆ. ಕ್ಲೇಮ್ ಹೇಳಿಕೊಂಡು ಬಂದವರಿಗೆ ಮೊದಲ ದಿನವೇ, ಏನೇನು ಬೇಕು ಎಂಬ ಪೂರ್ಣ ಪಟ್ಟಿಯನ್ನು ಸಹಿ ಹಾಕಿ, ತಾರೀಕು ಹಾಕಿ ಕೊಡಬೇಕು. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಆಮೇಲೆ ಕೇಳಿದರೆ ಅದಕ್ಕೆ ಕಾರಣವನ್ನು ಬರೆದು ಕೊಡಬೇಕು, 15 ದಿನದ ಗಡಿಯಾರ ಮಾತ್ರ ನಿಲ್ಲಬಾರದು.

ಹೆಸರಿನ ಗೋಳು ಬೇರೆಯೇ ಇದೆ. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ ಇರುತ್ತದೆ. ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಮರಣ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಪೂರ್ತಿ ಬಂದಿರುತ್ತದೆ. ನಾಲ್ಕು ಕಾಗದ, ನಾಲ್ಕು ಮನುಷ್ಯರು! ಇವರೆಲ್ಲ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿ ತರಬೇಕು. ಒಂದು ಬ್ಯಾಂಕು ಒಪ್ಪಿದ ಅಫಿಡವಿಟ್ಟನ್ನು ಇನ್ನೊಂದು ಸಂಸ್ಥೆ ಒಪ್ಪುವುದಿಲ್ಲ. ಬದುಕಿದ್ದಾಗ ಈ ಖಾತೆಗೆ ಪ್ಯಾನ್ ಜೋಡಿಸಿ, ಆಧಾರ್ ಕೊಡಿ, ಕೆವೈಸಿ ನವೀಕರಿಸಿ ಎಂದು ಸಂದೇಶದ ಮೇಲೆ ಸಂದೇಶ ಕಳಿಸಿ ಎಲ್ಲ ಒಂದೇ ವ್ಯಕ್ತಿ ಎಂದು ಖಚಿತಪಡಿಸಿಕೊಂಡದ್ದು ನೀವೇ. ಸತ್ತ ಮೇಲೆ ಆ ಖಾತ್ರಿ ಎಲ್ಲಿ ಹೋಗುತ್ತದೆ?

ಬ್ಯಾಂಕಿನವರ ಭಯ ನನಗೆ ಅರ್ಥವಾಗುತ್ತದೆ. ತಪ್ಪು ವ್ಯಕ್ತಿಯ ಕೈಗೆ ಹಣ ಹೋದರೆ ನಾಳೆ ಇನ್ನೊಬ್ಬ ವಾರಸುದಾರ ಬಂದು ಕೇಳುತ್ತಾನೆ. ಅಣ್ಣತಮ್ಮಂದಿರ ಜಗಳದಲ್ಲಿ ಕ್ಲರ್ಕ್ ಸಿಕ್ಕಿಹಾಕಿಕೊಳ್ಳಬಾರದು, ನಿಜ. ಆದರೆ ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ನಾಮಿನಿ ಹಣ ಪಡೆಯುವ ವ್ಯಕ್ತಿ ಮಾತ್ರ, ಹಣದ ಒಡೆಯನಾಗಬೇಕೆಂದಿಲ್ಲ, ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ವಿಮೆಯ ಪ್ರಕರಣದಲ್ಲಿ ಹೇಳಿತು, 2023ರಲ್ಲಿ ಷೇರುಗಳ ಪ್ರಕರಣದಲ್ಲೂ ಅದನ್ನೇ ಎತ್ತಿಹಿಡಿಯಿತು. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ. ಅಂದರೆ ನಾಮಿನಿಗೆ ಕೊಟ್ಟ ಕೂಡಲೇ ಬ್ಯಾಂಕಿನ ಹೊಣೆ ತೀರಿತು. ಮುಂದಿನ ಹಂಚಿಕೆ ಕುಟುಂಬದ್ದು, ಬೇಕಾದರೆ ನ್ಯಾಯಾಲಯದ್ದು.

ನಾಮಿನಿ ಇಲ್ಲದ ಕಡೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಮೃತನ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಮೊದಲ ದರ್ಜೆಯ ವಾರಸುದಾರರು. ಅತ್ತೆಯ ಸಹಿ ಬೇಕು ಎಂದಾಗ ಅದೇ ಸಹಿಯನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಚೌಕಾಸಿ ಶುರುವಾಗುತ್ತದೆ. "ಜಮೀನಿನ ಕಾಗದಕ್ಕೆ ನೀನು ಸಹಿ ಮಾಡು, ಬ್ಯಾಂಕಿನ ಕಾಗದಕ್ಕೆ ನಾವು ಮಾಡುತ್ತೇವೆ." ಮಕ್ಕಳ ಶಾಲೆಯ ಫೀಸಿಗೆ ಹಣವಿಲ್ಲದೆ ಕೂತಿರುವ ಹೆಣ್ಣುಮಗಳು ಆ ಹೊತ್ತಿನಲ್ಲಿ ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತಾಳೆ. ಬ್ಯಾಂಕು ಆ ಜಗಳವನ್ನು ಬಗೆಹರಿಸಲಾರದು, ಆದರೆ ಒಂದು ಕೆಲಸ ಮಾಡಬಹುದು. ಒಪ್ಪಿಗೆ ಪತ್ರ ಈ ಖಾತೆಯ ಹಣಕ್ಕೆ ಮಾತ್ರ ಸಂಬಂಧಿಸಿದ್ದು, ಬೇರೆ ಯಾವ ಆಸ್ತಿಯ ಹಕ್ಕನ್ನೂ ಬಿಟ್ಟುಕೊಟ್ಟಂತೆ ಆಗುವುದಿಲ್ಲ ಎಂದು ಫಾರಂನ ಮೇಲೆಯೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬಹುದು. ಇದಕ್ಕೆ ಹೊಸ ಕಾನೂನು ಬೇಡ.

ಈ ಎಲ್ಲ ತೊಡಕಿನಿಂದ ಜನ ಏನು ಕಲಿತಿದ್ದಾರೆ ಗೊತ್ತೇ? ಸಾವನ್ನು ಬ್ಯಾಂಕಿನಿಂದ ಮುಚ್ಚಿಡುವುದನ್ನು. "ಈಗಲೇ ಹೇಳಬೇಡಿ, ಮೊದಲು ಎಟಿಎಂನಿಂದ ತೆಗೆದುಬಿಡಿ. ಸಿಮ್ ಬಂದ್ ಮಾಡಿಸಬೇಡಿ, ಒಟಿಪಿ ಬರುತ್ತದೆ." ಹೆಣ ಮನೆಯಲ್ಲಿರುವಾಗಲೇ ಯಾರೋ ಹಿತೈಷಿಗಳು ಪಕ್ಕಕ್ಕೆ ಕರೆದು ಹೇಳುವ ಬುದ್ಧಿಮಾತು ಇದು. ಮೃತರ ಕಾರ್ಡ್ ಬಳಸಿ ಹಣ ತೆಗೆಯುವುದು ತಪ್ಪು, ನಾಳೆ ಬೇರೆ ವಾರಸುದಾರರು ಕೇಸು ಹಾಕಿದರೆ ಕಷ್ಟ. ಗೊತ್ತಿದ್ದೂ ಮಾಡುತ್ತಾರೆ, ಏಕೆಂದರೆ ಆಸ್ಪತ್ರೆಯ ಬಿಲ್ ಬಾಕಿ ಇರುತ್ತದೆ, ಅಂತ್ಯಕ್ರಿಯೆಯ ಖರ್ಚು ಎದುರಿಗಿರುತ್ತದೆ, ಖಾತೆ ಒಮ್ಮೆ ಸ್ಥಗಿತವಾದರೆ ಯಾವಾಗ ತೆರೆಯುತ್ತದೋ ಎಂಬ ಭಯ ಇರುತ್ತದೆ. ಸಾವಿನ ಸುದ್ದಿ ತಂದ ನಾಮಿನಿಗೆ ಖಾತೆಯಲ್ಲಿರುವ ಹಣದಿಂದ ತುರ್ತು ಖರ್ಚಿಗೆಂದು ಒಂದಿಷ್ಟನ್ನು ಅಂದೇ ಕೊಡುವ ವ್ಯವಸ್ಥೆ ಮಾಡಿ. ಮುಚ್ಚಿಡುವ ಅಗತ್ಯ ಬಹಳಷ್ಟು ಮನೆಗಳಲ್ಲಿ ಅಲ್ಲಿಗೇ ಹೋಗುತ್ತದೆ. "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬ ಷರತ್ತಿನ ಜಂಟಿ ಖಾತೆಯಿದ್ದರೆ ಉಳಿದವರು ಹಣ ಪಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದನ್ನೂ ಶಾಖೆಗಳಿಗೆ ಇನ್ನೊಮ್ಮೆ ಹೇಳಿ.

ಇನ್ನೊಂದು ವಿಷಯ ಮನಸ್ಸಿಗೆ ಬಹಳ ನೋವು ಕೊಡುತ್ತದೆ. ಮೃತರು ಸಾಲ ಮಾಡಿದ್ದರೆ ವಸೂಲಿಯವರಿಗೆ ಮನೆಯ ವಿಳಾಸ, ಹೆಂಡತಿಯ ಫೋನ್ ನಂಬರ್, ಕೆಲವೊಮ್ಮೆ ಭಾವಮೈದುನನ ನಂಬರ್ ಕೂಡ ಸಿಗುತ್ತದೆ. ಮೃತರಿಗೆ ಕೊಡಬೇಕಾದ ಹಣ ಇದ್ದಾಗ ಅದೇ ವಿಳಾಸ ಯಾರಿಗೂ ಸಿಗುವುದಿಲ್ಲ, ಖಾತೆ ಹತ್ತು ವರ್ಷ ಸುಮ್ಮನೆ ಮಲಗಿ ಅದರ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. 2024ರ ಮಾರ್ಚ್ ಕೊನೆಗೆ ಹೀಗೆ ಸೇರಿದ ಹಣ 78,213 ಕೋಟಿ ರೂಪಾಯಿ ಎಂದು ನಿಮ್ಮದೇ ವಾರ್ಷಿಕ ವರದಿ ಹೇಳುತ್ತದೆ. ಇದೆಲ್ಲವೂ ಸತ್ತವರದೇ ಅಲ್ಲ, ಮರೆತವರದೂ ಊರು ಬದಲಿಸಿದವರದೂ ಇದೆ. ಆದರೆ ಅದರಲ್ಲಿ ಎಷ್ಟು ಮನೆಗಳ ಅಕ್ಕಂದಿರ ಹಣ ಇರಬಹುದು ಎಂದು ಯೋಚಿಸಿದರೆ ಸುಮ್ಮನಿರಲಾಗುವುದಿಲ್ಲ. (ಸಾಲದ ಬಗ್ಗೆ ಓದುಗರಿಗೆ ಒಂದು ಮಾತು: ನೀವು ಜಾಮೀನು ಹಾಕಿಲ್ಲ, ಜಂಟಿ ಸಾಲಗಾರರಲ್ಲ ಎಂದಾದರೆ ಮೃತರಿಂದ ನಿಮಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ನಿಮ್ಮ ಹೊಣೆ. ಫೋನಿನಲ್ಲಿ ಗದರಿಸಿದರು ಎಂದು ಸ್ವಂತ ದುಡಿಮೆಯಿಂದ ಕಟ್ಟಲು ಹೋಗಬೇಡಿ.)

2023ರ ಆಗಸ್ಟ್‌ನಲ್ಲಿ ಶುರುವಾದ ಉದ್ಗಮ್ ಪೋರ್ಟಲ್ ಒಳ್ಳೆಯ ಕೆಲಸ. ಹೆಸರು, ಪ್ಯಾನ್ ಹಾಕಿದರೆ ಬೇರೆ ಬೇರೆ ಬ್ಯಾಂಕುಗಳಲ್ಲಿ ವಾರಸುದಾರರಿಲ್ಲದೆ ಬಿದ್ದಿರುವ ಠೇವಣಿ ಕಾಣುತ್ತದೆ. ಆದರೆ ಅಲ್ಲಿ ಕಾಣುವುದು ಹತ್ತು ವರ್ಷ ಕಳೆದ ಹಣ ಮಾತ್ರ. ಹತ್ತು ವರ್ಷ ಆದಮೇಲೆ ಹುಡುಕಲು ದಾರಿ ಮಾಡಿದ್ದೀರಿ, ಸತ್ತು ಹತ್ತು ದಿನಕ್ಕೆ ಹುಡುಕಲು ದಾರಿ ಇಲ್ಲ. ಹಣ ಅತ್ಯಗತ್ಯವಾಗಿ ಬೇಕಾಗಿರುವುದು ಆ ಮೊದಲ ತಿಂಗಳುಗಳಲ್ಲಿ.

ಇದು ಆಗದ ಕೆಲಸ ಎನ್ನಬೇಡಿ. ಷೇರು ಮಾರುಕಟ್ಟೆಯ ನಿಯಂತ್ರಕರಾದ ಸೆಬಿ ಇದನ್ನು ಮಾಡಿ ತೋರಿಸಿದ್ದಾರೆ. 2024ರ ಜನವರಿ 1ರಿಂದ ಹೂಡಿಕೆದಾರರ ಸಾವನ್ನು ಒಂದು ಕಡೆ ತಿಳಿಸಿದರೆ ಸಾಕು. ಹೂಡಿಕೆದಾರರ ಗುರುತಿನ ದಾಖಲೆ ಇಟ್ಟುಕೊಳ್ಳುವ ಕೆವೈಸಿ ನೋಂದಣಿ ಸಂಸ್ಥೆಗಳ ಮೂಲಕ ಆ ಮಾಹಿತಿ ಅವರು ವ್ಯವಹರಿಸುತ್ತಿದ್ದ ಉಳಿದ ಸಂಸ್ಥೆಗಳಿಗೆಲ್ಲ ಹೋಗುತ್ತದೆ. ಬ್ರಿಟನ್ನಿನ ಬಹುಭಾಗದಲ್ಲಿ 'ಟೆಲ್ ಅಸ್ ಒನ್ಸ್' ಎಂಬ ಸೇವೆಯಿದೆ, ಸಾವು ನೋಂದಾಯಿಸಿದ ಮೇಲೆ ಒಮ್ಮೆ ತಿಳಿಸಿದರೆ ಪಿಂಚಣಿ, ತೆರಿಗೆ, ಪಾಸ್‌ಪೋರ್ಟ್ ಮುಂತಾದ ಸರ್ಕಾರಿ ಇಲಾಖೆಗಳಿಗೆ ಸುದ್ದಿ ತಲುಪುತ್ತದೆ. ನಮ್ಮಲ್ಲೇ 2023ರಲ್ಲಿ ಜನನ ಮರಣ ನೋಂದಣಿ ಕಾಯಿದೆಗೆ ತಿದ್ದುಪಡಿ ತಂದು ರಾಷ್ಟ್ರಮಟ್ಟದ ದತ್ತಾಂಶ ಕೋಶಕ್ಕೆ ಅವಕಾಶ ಮಾಡಲಾಗಿದೆ. ಮತದಾರರ ಪಟ್ಟಿ, ಪಡಿತರ ಚೀಟಿ ಇವುಗಳ ಪರಿಷ್ಕರಣೆಗೆ ಅದನ್ನು ಬಳಸಬಹುದು. ಸತ್ತವರ ಹೆಸರು ಪಡಿತರ ಚೀಟಿಯಿಂದ ತೆಗೆಯಲು ಬಳಕೆಯಾಗುವ ಮಾಹಿತಿ, ಅವರ ಮನೆಗೆ ಬರಬೇಕಾದ ವಿಮೆ ಕೊಡಲೂ ಬಳಕೆಯಾಗಲಿ. ಎಲ್ಲರ ಲೆಕ್ಕವನ್ನೂ ಎಲ್ಲರಿಗೂ ತೋರಿಸಿ ಎನ್ನುತ್ತಿಲ್ಲ. ಮೃತರ ನಾಮಿನಿ ಅಥವಾ ವಾರಸುದಾರರು ಗುರುತು ಸಾಬೀತುಪಡಿಸಿ ಕೋರಿದರೆ, ಅವರಿಗೆ ಸಂಬಂಧಿಸಿದ್ದನ್ನು ಮಾತ್ರ ಹೇಳಿ.

ನನ್ನ ಕೋರಿಕೆಯಲ್ಲಿ ಅರ್ಧ ನಾಳೆಯೇ ಮಾಡಬಹುದಾದದ್ದು. ಮರಣ ಪ್ರಮಾಣಪತ್ರ ಶಾಖೆಗೆ ಬಂದ ದಿನವೇ ಆ ಗ್ರಾಹಕರ ಹೆಸರಿನಲ್ಲಿ ಆ ಬ್ಯಾಂಕಿನಲ್ಲಿ ಏನೇನಿದೆ ಎಂಬ ಒಂದು ಹಾಳೆ ಹೊರಗೆ ಬರಲಿ: ಉಳಿತಾಯ ಖಾತೆ, ಠೇವಣಿ, ಲಾಕರ್, ಖಾತೆಯಿಂದ ಕಡಿತವಾಗುತ್ತಿದ್ದ ಪ್ರತಿಯೊಂದು ವಿಮೆಯ ಕಂತು, ಸಾಲಕ್ಕೆ ಜೋಡಿಸಿದ್ದ ವಿಮೆ, ಪ್ರತಿಯೊಂದಕ್ಕೂ ನಾಮಿನಿ ಇದ್ದಾರೋ ಇಲ್ಲವೋ. ಜೀವನ ಜ್ಯೋತಿ, ಸುರಕ್ಷಾ ಯೋಜನೆಗಳ ಕ್ಲೇಮ್ ಅರ್ಜಿಯನ್ನು ಶಾಖೆಯೇ ಮುಂದೆ ನಿಂತು ತುಂಬಿಸಲಿ. ಪಿಎಫ್ ಕಚೇರಿಗೆ ಬಂದವರಿಗೆ ಪಿಎಫ್, ವಿಮೆ, ಪಿಂಚಣಿ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು ಎಂದು ಹೇಳಿ, ಅಂಥ ಅರ್ಜಿ ಈಗಾಗಲೇ ಇದೆ. ವಿಮಾ ಕಂಪನಿಗಳು ತನಿಖೆ ಬೇಡದ ಮರಣ ಕ್ಲೇಮನ್ನು 15 ದಿನದಲ್ಲಿ, ತನಿಖೆ ಬೇಕಾದದ್ದನ್ನು 45 ದಿನದಲ್ಲಿ ತೀರಿಸಬೇಕು ಎಂಬ ನಿಯಮವನ್ನು ಕ್ಲೇಮ್ ಫಾರಂನ ಮೊದಲ ಪುಟದಲ್ಲೇ ಅಚ್ಚು ಹಾಕಿಸಿ. ಇದೆಲ್ಲ ಕನ್ನಡದಲ್ಲಿ ಇರಲಿ. ಗಂಡನನ್ನು ಕಳೆದುಕೊಂಡ ವಾರದಲ್ಲಿ ಇಂಗ್ಲಿಷ್ ಫಾರಂ ಓದಿಸಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುವ ಹೆಣ್ಣುಮಗಳು ತನ್ನ ಮನೆಯ ಹಣದ ಲೆಕ್ಕವನ್ನೆಲ್ಲ ಅವರ ಮುಂದೆ ಬಿಚ್ಚಿಡಬೇಕಾಗುತ್ತದೆ. ಅದರಿಂದ ಮೋಸ ಹೋದವರಿದ್ದಾರೆ.

ಈ ಪತ್ರವನ್ನು ಓದುತ್ತಿರುವ ಉಳಿದವರಿಗೂ ಒಂದೆರಡು ಮಾತು. ಸಾವನ್ನು 21 ದಿನದೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹಲವು ಪ್ರತಿಗಳನ್ನು ಒಟ್ಟಿಗೇ ಪಡೆಯಿರಿ, ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ಅಲ್ಲಿಯೇ ನಿಂತು ನೋಡಿ. ಮೃತರ ಹೆಸರಿನ ಗಾಡಿ ಓಡಿಸುವುದಿದ್ದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ. ಅವರ ಆದಾಯಕ್ಕೆ ತೆರಿಗೆ ವಿವರ ಸಲ್ಲಿಸಬೇಕಿದ್ದರೆ ವಾರಸುದಾರರೇ ಸಲ್ಲಿಸಬೇಕು. ಮೂರು ವರ್ಷಗಳ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಿ, ಅರ್ಥವಾಗದ ಕಡಿತ ಕಂಡರೆ ಬ್ಯಾಂಕಿಗೆ ಬರಹದಲ್ಲೇ ಕೇಳಿ, ಸ್ವೀಕೃತಿ ಪಡೆಯಿರಿ. ಮತ್ತು ಈಗ, ಎಲ್ಲರೂ ಚೆನ್ನಾಗಿರುವಾಗಲೇ, ನಿಮ್ಮ ಖಾತೆಗಳಿಗೆ ನಾಮಿನಿ ಯಾರೆಂದು ನೋಡಿಕೊಳ್ಳಿ. ಮದುವೆಗೆ ಮುಂಚೆ ಬರೆಸಿದ ಅಪ್ಪನ ಹೆಸರೋ ತೀರಿಕೊಂಡ ಅಮ್ಮನ ಹೆಸರೋ ಇನ್ನೂ ಹಾಗೇ ಇರುವ ಖಾತೆಗಳು ಬೇಕಾದಷ್ಟಿವೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಸಬಹುದು.

ಮಾನ್ಯರೇ, ಒಂದು ಹಾಳೆಯ ಲೆಕ್ಕ, ಸಹಿ ಮತ್ತು ತಾರೀಕು ಇರುವ ದಾಖಲೆಗಳ ಪಟ್ಟಿ, ಕನ್ನಡದ ಫಾರಂ. ಈ ಮೂರರಲ್ಲಿ ಯಾವುದನ್ನು ಯಾವಾಗಿನಿಂದ ಮಾಡುತ್ತೀರಿ, ಯಾವುದನ್ನು ಮಾಡಲು ಆಗುವುದಿಲ್ಲ ಮತ್ತು ಏಕೆ ಎಂದು ನಿಮ್ಮಿಂದ ಬಹಿರಂಗವಾಗಿಯೇ ಉತ್ತರ ಬರಲಿ ಎಂದು ಕೋರುತ್ತೇನೆ.

ಇಂತಿ,
ಅಕ್ಕನ ಅರ್ಜಿಗಳನ್ನು ತುಂಬಿಕೊಟ್ಟ ತಂಗಿ